ತೆರೆಯ ಹಿಂದಿನ ಕಿವಿ: ಸೌಂಡ್ ಮಿಕ್ಸಿಂಗ್ ಕಸುಬು ಬೆಳೆದ ಬಗೆ

ಸಿನಿಮಾ ಮತ್ತು ಟಿವಿ ಜಗತ್ತಿನಲ್ಲಿ ಸೌಂಡ್ ಮಿಕ್ಸರ್ ಎಂಬ ಹೆಸರು ಎರಡು ಬೇರೆ ಬೇರೆ ಕೆಲಸದವರಿಗೆ ಸಲ್ಲುತ್ತದೆ. ಚಿತ್ರೀಕರಣ ನಡೆಯುವ ಜಾಗದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತು, ನಟನಟಿಯರ ಮಾತನ್ನು ಮೈಕುಗಳಿಂದ ಹಿಡಿದು ದಾಖಲಿಸುವವರು ಒಬ್ಬರು. ಚಿತ್ರದ ಸಂಕಲನ ಮುಗಿದ ಮೇಲೆ ಮಿಕ್ಸಿಂಗ್ ಥಿಯೇಟರಿನಲ್ಲಿ ಮಾತು, ಹಾಡು, ಹಿನ್ನೆಲೆ ಸಂಗೀತ, ಹೆಜ್ಜೆ ಸಪ್ಪಳ, ಮಳೆ, ಗಾಳಿ ಎಲ್ಲವನ್ನೂ ಹದವರಿತು ಒಂದೇ ಪಟ್ಟಿಗೆ ಇಳಿಸುವವರು ಇನ್ನೊಬ್ಬರು. ಎರಡನೆಯವರನ್ನು ಹಾಲಿವುಡ್ಡಿನಲ್ಲಿ ರೀ-ರೆಕಾರ್ಡಿಂಗ್ ಮಿಕ್ಸರ್ ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಈ ಮಾತು ಗೊಂದಲ ಹುಟ್ಟಿಸುತ್ತದೆ. ಚೆನ್ನೈ, ಬೆಂಗಳೂರಿನ ಚಿತ್ರರಂಗದಲ್ಲಿ ರೀ-ರೆಕಾರ್ಡಿಂಗ್ ಎಂದರೆ ಹಿನ್ನೆಲೆ ಸಂಗೀತ ಕೂಡಿಸುವುದು. ಕೊನೆಯ ಬೆರಕೆಗೆ ಮಿಕ್ಸಿಂಗ್ ಎಂದೇ ಹೆಸರು. ಕನ್ನಡ ಚಿತ್ರಗಳ ಟೈಟಲ್ ಕಾರ್ಡುಗಳಲ್ಲಂತೂ ಬಹುಕಾಲ ಧ್ವನಿಗ್ರಹಣ ಎಂಬ ಒಂದೇ ಪದ ಇಷ್ಟೆಲ್ಲ ಕೆಲಸಗಳ ಭಾರ ಹೊತ್ತಿತ್ತು. ಕಸುಬು ಒಂದೇ ಆಗಿ ಹುಟ್ಟಿ ಆಮೇಲೆ ಕವಲೊಡೆದದ್ದರಿಂದ ಈ ಗೊಂದಲ ಬಂದಿದೆ.

ಕಸುಬಿನ ಬೇರು ಇರುವುದು ಟೆಲಿಫೋನ್ ಮತ್ತು ರೇಡಿಯೋದಲ್ಲಿ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ 'ದ ಜಾಝ್ ಸಿಂಗರ್' ತೆರೆಕಂಡಾಗ ಅದರ ಧ್ವನಿ ಫಿಲ್ಮಿನ ಮೇಲಿರಲಿಲ್ಲ, 16 ಅಂಗುಲದ ತಟ್ಟೆಗಳ ಮೇಲಿತ್ತು. ವಾರ್ನರ್ ಸಹೋದರರು ಬಳಸಿದ ಈ ವಿಟಾಫೋನ್ ವ್ಯವಸ್ಥೆಯನ್ನು ರೂಪಿಸಿದವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ, ಅಂದರೆ ಟೆಲಿಫೋನ್ ಜಗತ್ತಿನ, ಎಂಜಿನಿಯರುಗಳು. ತಟ್ಟೆಯ ಮೇಲೆ ಒಮ್ಮೆ ಕೊರೆದ ಧ್ವನಿಯನ್ನು ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ. ಆದ್ದರಿಂದ ಮಿಶ್ರಣವೆಲ್ಲ ಅಲ್ಲಿಯೇ, ಆ ಹೊತ್ತಿಗೇ ಆಗಬೇಕಿತ್ತು. ಸ್ಟುಡಿಯೋದ ಒಂದು ಮೂಲೆಯಲ್ಲಿ ಗಾಜಿನ ಕಿಟಕಿಯ ಕೋಣೆ, ಅದರೊಳಗೆ ನಾಲ್ಕಾರು ತಿರುಗುಗುಂಡಿಗಳ ಮುಂದೆ ಒಬ್ಬ ಎಂಜಿನಿಯರ್. ನಾಯಕ ಮಾತಾಡುವಾಗ ಒಂದು ಮೈಕನ್ನು ಏರಿಸಿ, ನಾಯಕಿ ಉತ್ತರಿಸುವಾಗ ಅದನ್ನು ಇಳಿಸಿ ಇನ್ನೊಂದನ್ನು ಏರಿಸುವುದು ಅವನ ಕೆಲಸ. ಮಿಕ್ಸರ್ ಎಂಬ ಹೆಸರು ಬಂದದ್ದು ಹೀಗೆ ಹಲವು ಮೈಕುಗಳ ಧ್ವನಿಯನ್ನು ಬೆರೆಸುತ್ತಿದ್ದುದರಿಂದ.

ಆ ಎರಡು ಮೂರು ವರ್ಷ ಇಡೀ ಚಿತ್ರೀಕರಣ ಅವನ ಮಾತಿಗೆ ಕಟ್ಟುಬಿದ್ದಿತ್ತು. ಕ್ಯಾಮೆರಾದ ಕಟಕಟ ಸದ್ದು ಮೈಕಿಗೆ ಕೇಳುತ್ತದೆಂದು ಕ್ಯಾಮೆರಾವನ್ನೂ ಅದನ್ನು ನಡೆಸುವವನನ್ನೂ ಗಾಳಿಯಾಡದ ಪೆಟ್ಟಿಗೆಯಲ್ಲಿ ಕೂಡಿಹಾಕಿದರು. ಆರ್ಕ್ ದೀಪಗಳು ಸಿಡಿಗುಟ್ಟುತ್ತವೆಂದು ಟಂಗ್‌ಸ್ಟನ್ ಬಲ್ಬುಗಳನ್ನು ತಂದರು. ಮೈಕು ಹೂದಾನಿಯಲ್ಲೋ ಮೇಜಿನ ಕೆಳಗೋ ಅಡಗಿರುತ್ತಿದ್ದುದರಿಂದ ನಟರು ಅದರ ಬಳಿಯೇ ನಿಂತು ಮಾತಾಡಬೇಕಿತ್ತು. ಮೂಕಿ ಚಿತ್ರಗಳ ಚಲನೆಯ ಸೊಗಸೆಲ್ಲ ಹೀಗೆ ಒಂದೇ ಏಟಿಗೆ ನಿಂತುಹೋಯಿತು. ಇದರಿಂದ ಹೊರಬರಲು ನೆರವಾದ ಒಂದು ಉಪಾಯ ತೀರ ಸರಳವಾದದ್ದು. 1929ರ 'ದ ವೈಲ್ಡ್ ಪಾರ್ಟಿ' ಚಿತ್ರದಲ್ಲಿ ನಟಿ ಕ್ಲಾರಾ ಬೋ ಓಡಾಡಿಕೊಂಡು ಮಾತಾಡಲೆಂದು ನಿರ್ದೇಶಕಿ ಡೊರೊಥಿ ಆರ್ಜ್‌ನರ್ ಮೀನು ಹಿಡಿಯುವ ಗಾಳದ ಕೋಲಿನ ತುದಿಗೆ ಮೈಕು ಕಟ್ಟಿಸಿ ನಟಿಯ ತಲೆಯ ಮೇಲೆ ಹಿಡಿಸಿದರು. ಇಂದಿಗೂ ಪ್ರತಿ ಶೂಟಿಂಗಿನಲ್ಲಿ ಕೈಯೆತ್ತಿ ಉದ್ದ ಕೋಲು ಹಿಡಿದು ನಿಲ್ಲುವ ಬೂಮ್ ಆಪರೇಟರ್ ಆ ಗಾಳದ ಕೋಲಿನ ವಾರಸುದಾರ.

ಭಾರತದಲ್ಲಿ ಈ ಕಸುಬು ಶುರುವಾದದ್ದು ಒಂದು ರೈಲುಹಳಿಯ ಪಕ್ಕದಲ್ಲಿ. ಅರ್ದೇಶಿರ್ ಇರಾನಿಯವರ 'ಆಲಂ ಆರಾ' 1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ಅವರ ಸ್ಟುಡಿಯೋ ಹಳಿಗೆ ಅಂಟಿಕೊಂಡೇ ಇತ್ತು. ಹಗಲಿಡೀ ಗಾಡಿಗಳ ಓಡಾಟ. ಆದ್ದರಿಂದ ರೈಲುಗಳು ನಿಂತ ಮೇಲೆ, ರಾತ್ರಿ 1ರಿಂದ ಬೆಳಗಿನ ಜಾವ 4ರವರೆಗೆ ಚಿತ್ರೀಕರಣ. ಬಳಸಿದ್ದು ತನಾರ್ ಎಂಬ ಅಮೆರಿಕದ ಯಂತ್ರ. ಚಿತ್ರವೂ ಧ್ವನಿಯೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೇ ಬೀಳುತ್ತಿದ್ದವು. ಯಂತ್ರದ ಜೊತೆಗೆ ವಿಲ್ಫೋರ್ಡ್ ಡೆಮಿಂಗ್ ಎಂಬ ತಜ್ಞ ಬಂದಿದ್ದ. ಅವನ ಸಂಬಳ ದಿನಕ್ಕೆ 100 ರೂಪಾಯಿ, ಅಂದಿನ ಕಾಲಕ್ಕೆ ಬಹಳ ದೊಡ್ಡ ಮೊತ್ತ. ಹೀಗಾಗಿ ಇರಾನಿಯವರೂ ಅವರ ಜೊತೆಗಾರ ರುಸ್ತುಂ ಭರೂಚಾ ಅವರೂ ಕೆಲಸ ಕಲಿತು ಧ್ವನಿಮುದ್ರಣವನ್ನು ತಾವೇ ಕೈಗೆತ್ತಿಕೊಂಡರು. ಚಿತ್ರದ 7 ಹಾಡುಗಳನ್ನು ನಟರೇ ಕ್ಯಾಮೆರಾದ ಮುಂದೆ ಹಾಡಿದರು. ವಾದ್ಯದವರು ಚೌಕಟ್ಟಿನ ಆಚೆ ಅಡಗಿ ಕುಳಿತು ನುಡಿಸಿದರು. ಹಾಡು, ಮಾತು, ವಾದ್ಯ ಎಲ್ಲದರ ಹದ ಮೈಕು ಎಲ್ಲಿದೆ, ಯಾರು ಎಷ್ಟು ದೂರದಲ್ಲಿದ್ದಾರೆ ಎನ್ನುವುದರಲ್ಲೇ ತೀರ್ಮಾನವಾಗಬೇಕಿತ್ತು.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ವೈ.ವಿ. ರಾವ್ ನಿರ್ದೇಶನದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಈ ಚಿತ್ರವನ್ನು ತೆಗೆದದ್ದು ಕೊಲ್ಹಾಪುರದಲ್ಲಿ. ಧ್ವನಿ ಹಿಡಿಯುವ ಸ್ಟುಡಿಯೋ ಮೈಸೂರು ಸೀಮೆಯಲ್ಲಿ ಆಗಿನ್ನೂ ಇರಲಿಲ್ಲ. ನಾಟಕ ಕಂಪನಿಯಿಂದ ಬಂದ ನಟರಿಗೆ ಕೊನೆಯ ಬೆಂಚಿನವರೆಗೆ ಕೇಳುವಂತೆ ಗಂಟಲೆತ್ತಿ ನುಡಿಯುವುದು ರೂಢಿ. ಮೈಕಿಗೋ ಅಷ್ಟು ದೊಡ್ಡ ದನಿ ತಡೆಯಲಾಗದ ಹೊರೆ. ರಂಗದ ದನಿಯನ್ನು ಯಂತ್ರದ ಅಳವಿಗೆ ಇಳಿಸುವುದು ಆ ಕಾಲದ ಧ್ವನಿಗ್ರಾಹಕರ ಅರ್ಧ ಕೆಲಸವಾಗಿತ್ತು. ಅದೇ 1934ರಲ್ಲಿ ಮದರಾಸಿನಲ್ಲಿ ಎ. ನಾರಾಯಣನ್ ತಮ್ಮ ಶ್ರೀನಿವಾಸ ಸಿನಿಟೋನ್ ಸ್ಟುಡಿಯೋದಲ್ಲಿ 'ಶ್ರೀನಿವಾಸ ಕಲ್ಯಾಣಂ' ತೆಗೆದರು. ಅದರ ಧ್ವನಿಗ್ರಹಣ ಮಾಡಿದವರು ಅವರ ಪತ್ನಿ ಮೀನಾ ನಾರಾಯಣನ್. ಭಾರತದ ಮೊದಲ ಮಹಿಳಾ ಸೌಂಡ್ ಎಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. ಯಂತ್ರದ ಕೋಣೆ ಗಂಡಸರದು ಎಂಬ ಭಾವನೆ ಬೇರುಬಿಟ್ಟಿದ್ದ ಕಾಲದಲ್ಲಿ ಅವರು ಮಾಡಿದ ಕೆಲಸಕ್ಕೆ ನಮ್ಮ ಚಿತ್ರಚರಿತ್ರೆಗಳು ಕೊಟ್ಟ ಜಾಗ ಬಹಳ ಕಡಿಮೆ.

ಎರಡನೆಯ ಬಗೆಯ ಮಿಕ್ಸರ್ ಹುಟ್ಟಿದ್ದು 1930ರ ದಶಕದ ಮೊದಲ ವರ್ಷಗಳಲ್ಲಿ. ಧ್ವನಿ ತಟ್ಟೆಯನ್ನು ಬಿಟ್ಟು ಫಿಲ್ಮಿನ ಅಂಚಿನ ಬೆಳಕಿನ ಗೆರೆಯಾಗಿ ಮೂಡತೊಡಗಿದ ಮೇಲೆ ಅದನ್ನು ಕತ್ತರಿಸಬಹುದಾಯಿತು, ಬೇರೆ ಬೇರೆ ಪಟ್ಟಿಗಳಲ್ಲಿ ಇಡಬಹುದಾಯಿತು, ಆಮೇಲೆ ಬೆರೆಸಬಹುದಾಯಿತು. 1933ರ 'ಕಿಂಗ್ ಕಾಂಗ್' ಚಿತ್ರಕ್ಕೆ ಮರ್ರೆ ಸ್ಪಿವಾಕ್ ಸಿಂಹ ಮತ್ತು ಹುಲಿಯ ಗರ್ಜನೆಗಳನ್ನು ನಿಧಾನಗೊಳಿಸಿ, ಹಿಂದುಮುಂದಾಗಿ ಓಡಿಸಿ, ಒಂದರ ಮೇಲೊಂದು ಹೇರಿ ಆ ದೈತ್ಯ ವಾನರನಿಗೆ ದನಿ ಕೊಟ್ಟರು. ಯೂನಿವರ್ಸಲ್ ಸ್ಟುಡಿಯೋದಲ್ಲಿ ಜ್ಯಾಕ್ ಫೋಲಿ ಪರದೆಯ ಮೇಲಿನ ಚಿತ್ರವನ್ನು ನೋಡುತ್ತ ಹೆಜ್ಜೆ, ಬಟ್ಟೆಯ ಸರಬರ, ಬಾಗಿಲಿನ ಕಿರುಗುಟ್ಟುವಿಕೆಗಳನ್ನು ಹೊಸದಾಗಿ ಮಾಡಿ ಕೂಡಿಸುತ್ತಿದ್ದರು. ಆ ಕೆಲಸಕ್ಕೆ ಈಗ ಜಗತ್ತಿನಾದ್ಯಂತ ಅವರದೇ ಹೆಸರು. ಕಲ್ಕತ್ತೆಯ ನ್ಯೂ ಥಿಯೇಟರ್ಸಿನಲ್ಲಿ 1935ರಲ್ಲಿ ನಿತಿನ್ ಬೋಸ್ ನಿರ್ದೇಶನದ 'ಧೂಪ್ ಛಾಂವ್' ಚಿತ್ರಕ್ಕೆ ಹಾಡನ್ನು ಮೊದಲೇ ಮುದ್ರಿಸಿಕೊಂಡು ನಟರಿಂದ ತುಟಿಯಾಡಿಸಿದರು. ಅದರ ಧ್ವನಿಗ್ರಾಹಕ ಮುಕುಲ್ ಬೋಸ್. ಹಿನ್ನೆಲೆ ಗಾಯನ ಎಂಬ ಭಾರತೀಯ ಪದ್ಧತಿ ಗಟ್ಟಿಯಾದದ್ದು ಅಲ್ಲಿಂದ.

ಆ ಕಾಲದ ಮಿಕ್ಸಿಂಗ್ ಹೇಗೆ ನಡೆಯುತ್ತಿತ್ತೆಂದು ನೋಡಿದರೆ ಈಗಿನವರಿಗೆ ಮೈ ಜುಮ್ಮೆನ್ನಬೇಕು. ಒಂದು ರೀಲು ಎಂದರೆ 1000 ಅಡಿ, ಸುಮಾರು 11 ನಿಮಿಷ. ಮಾತಿನ ಪಟ್ಟಿ, ಸಂಗೀತದ ಪಟ್ಟಿ, ಸದ್ದುಗಳ ಪಟ್ಟಿ ಒಂದೊಂದೂ ಒಂದೊಂದು ಯಂತ್ರದ ಮೇಲೆ. ಎಲ್ಲ ಯಂತ್ರಗಳೂ ಪ್ರೊಜೆಕ್ಟರೂ ಒಂದೇ ಲಯಕ್ಕೆ ಕಟ್ಟಿದ ಮೋಟಾರುಗಳಿಂದ ಓಡುತ್ತಿದ್ದವು. ಒಮ್ಮೆ ಓಡತೊಡಗಿದರೆ ನಡುವೆ ನಿಲ್ಲಿಸುವಂತಿಲ್ಲ, ಹಿಂದಕ್ಕೆ ಓಡಿಸುವಂತಿಲ್ಲ. ಮಿಕ್ಸರ್ ಮುಂದೆ ಕ್ಯೂ ಶೀಟ್ ಎಂಬ ಉದ್ದನೆಯ ಹಾಳೆ. ಎಷ್ಟನೆಯ ಅಡಿಗೆ ಬಾಗಿಲು ಬಡಿಯುತ್ತದೆ, ಎಲ್ಲಿ ಸಂಗೀತ ಏರುತ್ತದೆ, ಎಲ್ಲಿ ತಗ್ಗಬೇಕು ಎಂದು ಅದರಲ್ಲಿ ಬರೆದಿರುತ್ತಿತ್ತು. ಪರದೆಯ ಕೆಳಗೆ ಅಡಿಗಳ ಲೆಕ್ಕ ಓಡುತ್ತಿರುತ್ತದೆ, ಕಣ್ಣು ಅಲ್ಲಿ, ಬೆರಳು ಗುಂಡಿಗಳ ಮೇಲೆ, ಕಿವಿ ಮಾತಿನ ಮೇಲೆ. ಒಂಬತ್ತೂವರೆ ನಿಮಿಷ ಸರಿಯಾಗಿ ಬಂದು ಆಮೇಲೆ ಒಂದು ಸದ್ದು ಜಾಸ್ತಿಯಾಯಿತೋ, ಎಲ್ಲ ಪಟ್ಟಿಗಳನ್ನೂ ಬಿಚ್ಚಿ, ಸುತ್ತಿ, ಮತ್ತೆ ಏರಿಸಿ ಮೊದಲಿನಿಂದ ಶುರು. ಆದ್ದರಿಂದ ಒಂದೊಂದು ರೀಲನ್ನೂ ಕಛೇರಿಗೆ ಮುಂಚೆ ಕೃತಿಯನ್ನು ಪಾಠ ಮಾಡುವಂತೆ ಮತ್ತೆ ಮತ್ತೆ ಅಭ್ಯಾಸ ಮಾಡಿ, ಆಮೇಲೆ ಒಂದೇ ಉಸಿರಿಗೆ ಮುಗಿಸುತ್ತಿದ್ದರು. ಹಳೆಯ ಮಿಕ್ಸರುಗಳನ್ನು ವಾದ್ಯಗಾರರಿಗೆ ಹೋಲಿಸುವುದು ಬರೀ ಹೊಗಳಿಕೆಯಲ್ಲ, ಅವರ ಕೆಲಸವೇ ಹಾಗಿತ್ತು.

ಕನ್ನಡಕ್ಕೆ ಈ ಚರಿತ್ರೆಯಲ್ಲಿ ಒಂದು ವಿಶೇಷ ಜಾಗವಿದೆ. 1943ರಲ್ಲಿ ಎ.ವಿ. ಮೆಯ್ಯಪ್ಪನ್ ನಿರ್ಮಾಣದಲ್ಲಿ ಆರ್. ನಾಗೇಂದ್ರರಾಯರು 'ಸತ್ಯ ಹರಿಶ್ಚಂದ್ರ' ತೆಗೆದರು. ಮರುವರ್ಷ ಆ ಕನ್ನಡ ಚಿತ್ರದ ಮಾತುಗಳನ್ನು ತಮಿಳಿನಲ್ಲಿ ಹೊಸದಾಗಿ ಮುದ್ರಿಸಿ, ತುಟಿಗೆ ಹೊಂದಿಸಿ ಬಿಡುಗಡೆ ಮಾಡಿದರು. ಒಂದು ಭಾರತೀಯ ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಅದನ್ನು ಗಣಿಸುತ್ತಾರೆ. ಡಬ್ಬಿಂಗ್ ಬೇಕೋ ಬೇಡವೋ ಎಂದು ದಶಕಗಟ್ಟಲೆ ಜಗಳವಾಡಿದ ನಾಡಿನ ಚಿತ್ರವೇ ಆ ತಂತ್ರಕ್ಕೆ ದೇಶದಲ್ಲಿ ದಾರಿ ತೆರೆದದ್ದು ನೆನಪಿನಲ್ಲಿಡಬೇಕಾದ ಸಂಗತಿ.

ಬೆಳಕಿನ ಗೆರೆಯ ಧ್ವನಿಗೆ ಒಂದು ದೊಡ್ಡ ದೋಷವಿತ್ತು. ಫಿಲ್ಮಿನ ಕಣಗಳೇ ಉಸ್ಸೆನ್ನುವ ಸದ್ದು ಮಾಡುತ್ತಿದ್ದವು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಇಳಿಸಿದಷ್ಟೂ ಅದು ಹೆಚ್ಚುತ್ತಿತ್ತು. ಆ ಉಸ್ಸನ್ನು ಮುಚ್ಚಲು 1938ರಲ್ಲಿ ಹಾಲಿವುಡ್ಡಿನ ಅಕಾಡೆಮಿ ಚಿತ್ರಮಂದಿರಗಳ ಸ್ಪೀಕರುಗಳಲ್ಲಿ ಮೇಲುಸ್ತರದ ದನಿಯನ್ನು ತಗ್ಗಿಸುವ ಅಳತೆಯೊಂದನ್ನು ಗೊತ್ತುಮಾಡಿತು. ಉಸ್ಸು ತಗ್ಗಿತು, ಅದರೊಂದಿಗೆ ಸ, ಶ, ಚ ಅಕ್ಷರಗಳ ಮೊನೆಯೂ ಮೊಂಡಾಯಿತು. ಹಳೆಯ ಕನ್ನಡ ಚಿತ್ರಗಳನ್ನು ಈಗ ಟಿವಿಯಲ್ಲಿ ನೋಡುವವರು ಆ ಧ್ವನಿ ಕೀರಲು, ತೆಳು ಎಂದು ದೂರುತ್ತಾರೆ. ಅದು ಧ್ವನಿಗ್ರಾಹಕರ ಅಸಡ್ಡೆಯಲ್ಲ. ಮೇಲುಸ್ತರವನ್ನು ನುಂಗುವ ಚಿತ್ರಮಂದಿರಕ್ಕೆಂದು, ಮಾತು ಸ್ಪಷ್ಟವಾಗಿ ದಾಟಲಿ ಎಂದು ಅವರು ಮೊನೆ ಹೆಚ್ಚಿಸಿಟ್ಟ ಧ್ವನಿ ಅದು; ಚಿತ್ರಮಂದಿರವೇ ಇಲ್ಲದ ಮೇಲೆ ಮೊನೆಯೊಂದೇ ಕಿವಿಗೆ ಚುಚ್ಚುತ್ತದೆ.

1950ರ ಸುಮಾರಿಗೆ ಮ್ಯಾಗ್ನೆಟಿಕ್ ಟೇಪು ಬಂದು ಕಸುಬಿನ ದಿಕ್ಕು ಬದಲಾಯಿತು. ಮುದ್ರಿಸಿದ್ದನ್ನು ಡೆವಲಪ್ ಮಾಡಲು ಕಾಯಬೇಕಿಲ್ಲ, ಆಗಲೇ ಕೇಳಬಹುದು, ಕೆಟ್ಟರೆ ಅಳಿಸಬಹುದು. ಪೋಲೆಂಡಿನಲ್ಲಿ ಹುಟ್ಟಿ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಸ್ಟೆಫಾನ್ ಕುಡೆಲ್‌ಸ್ಕಿ 1951ರಲ್ಲಿ ಹೆಗಲಿಗೆ ತೂಗುಹಾಕಿಕೊಳ್ಳುವಷ್ಟು ಚಿಕ್ಕದಾದ ರೆಕಾರ್ಡರ್ ಮಾಡಿ ಅದಕ್ಕೆ ನಾಗ್ರಾ ಎಂದು ಹೆಸರಿಟ್ಟ. ಪೋಲಿಷ್ ಭಾಷೆಯಲ್ಲಿ ಅದರ ಅರ್ಥ 'ಮುದ್ರಿಸಿಕೊಳ್ಳುತ್ತದೆ' ಎಂದು. ಅಲ್ಲಿಯವರೆಗೆ ಒಂದು ಲಾರಿಯಷ್ಟಿದ್ದ ಧ್ವನಿಯ ಸಾಮಗ್ರಿ ಒಬ್ಬ ಮನುಷ್ಯನ ಹೆಗಲಿಗೆ ಬಂತು. ಮುಂದಿನ ನಾಲ್ಕು ದಶಕ ಸಿನಿಮಾ, ಟಿವಿ, ಸುದ್ದಿಚಿತ್ರ ಯಾವುದೇ ಇರಲಿ, ಸೆಟ್ಟಿನಲ್ಲಿ ಧ್ವನಿ ಎಂದರೆ ನಾಗ್ರಾ ಎಂಬ ಮಾತು ನಿಂತಿತು. ಮಿಕ್ಸಿಂಗ್ ಥಿಯೇಟರಿನಲ್ಲಿ 1960ರ ದಶಕದ ಕೊನೆಗೆ ಪಟ್ಟಿಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ ತಪ್ಪಾದ ಜಾಗದಿಂದಲೇ ಮತ್ತೆ ಮುದ್ರಿಸುವ ಏರ್ಪಾಡು ಬಂತು. ಒಂದೇ ಉಸಿರಿನ ಕಛೇರಿಯ ಕಾಲ ಅಲ್ಲಿಗೆ ಮುಗಿಯಿತು.

ಭಾರತದಲ್ಲಿ ಮಾತ್ರ ಇದೇ ಕಾಲಕ್ಕೆ ಸೆಟ್ಟಿನ ಮಿಕ್ಸರ್ ಕಣ್ಮರೆಯಾಗತೊಡಗಿದರು. ಹೊರಾಂಗಣ ಚಿತ್ರೀಕರಣ ಹೆಚ್ಚಿತು. ಹಗುರವಾದ ಆರಿಫ್ಲೆಕ್ಸ್ ಕ್ಯಾಮೆರಾ ಎಲ್ಲೆಡೆ ಬಂತು, ಆದರೆ ಅದರ ಸದ್ದು ಜೋರು. ಸೆಟ್ಟಿನಲ್ಲಿ ಗುರುತಿಗೆಂದು ಒರಟಾಗಿ ಧ್ವನಿ ಹಿಡಿದು, ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಮಾತೆಲ್ಲವನ್ನೂ ಹೊಸದಾಗಿ ಮುದ್ರಿಸುವುದು ರೂಢಿಯಾಯಿತು. ಫಿಲ್ಮಿನ ತುಂಡನ್ನು ಉಂಗುರದಂತೆ ಅಂಟಿಸಿ ಮತ್ತೆ ಮತ್ತೆ ಓಡಿಸುತ್ತಿದ್ದುದಕ್ಕೆ ಲೂಪ್ ಎಂದು ಹೆಸರು. ನಟರು ಅದನ್ನು ನೋಡಿ ತುಟಿಗೆ ಮಾತು ಕೂಡಿಸುತ್ತಿದ್ದರು. ಇದರಿಂದ ಕೆಲಸ ಸಲೀಸಾಯಿತು, ಭಾಷೆ ಬಾರದ ನಟಿಗೆ ಬೇರೊಬ್ಬರ ದನಿ ಕೊಡುವುದೂ ಸುಲಭವಾಯಿತು. ಕಳೆದುಕೊಂಡದ್ದೂ ಕಡಿಮೆಯಲ್ಲ. ಬೆಟ್ಟದ ಮೇಲೆ ನಿಂತವರೂ ಕೋಣೆಯೊಳಗಿನವರೂ ಒಂದೇ ದನಿಯಲ್ಲಿ ಮಾತಾಡತೊಡಗಿದರು. ಅಭಿನಯದ ಹೊತ್ತಿನ ಏದುಸಿರು, ಬಿಕ್ಕು, ನಡುಕ ತಣ್ಣನೆಯ ಕೋಣೆಯಲ್ಲಿ ಎರಡನೆಯ ಸಲ ಅಷ್ಟೇ ನಿಜವಾಗಿ ಬರುವುದು ಅಪರೂಪ. ಜಾಗದ ಗಾಳಿಯನ್ನು ಮಾತಿಗೆ ಮತ್ತೆ ಅಂಟಿಸುವ ಹೊಣೆ ಪೂರ್ತಿಯಾಗಿ ಮಿಕ್ಸಿಂಗ್ ಥಿಯೇಟರಿನವರ ಮೇಲೆ ಬಿತ್ತು.

ಆ ಹೊಣೆಯನ್ನು ಕಲೆಯ ಮಟ್ಟಕ್ಕೆ ಏರಿಸಿದವರು ಮುಂಬಯಿಯ ಮಂಗೇಶ್ ದೇಸಾಯಿ. ಪರೇಲ್‌ನಲ್ಲಿದ್ದ ವಿ. ಶಾಂತಾರಾಮ್ ಅವರ ರಾಜಕಮಲ್ ಕಲಾಮಂದಿರದ ಮಿಕ್ಸಿಂಗ್ ಥಿಯೇಟರ್ ಅವರ ಕಾರ್ಯಕ್ಷೇತ್ರ. ಹಾಲಿವುಡ್ಡಿನಲ್ಲಿ ಮಾತಿಗೊಬ್ಬರು, ಸಂಗೀತಕ್ಕೊಬ್ಬರು, ಸದ್ದಿಗೊಬ್ಬರು ಎಂದು ಮೂವರು ಕೂರುವ ಜಾಗದಲ್ಲಿ ಇಲ್ಲಿ ಅವರೊಬ್ಬರೇ ಕುಳಿತು ಎಲ್ಲವನ್ನೂ ನಡೆಸುತ್ತಿದ್ದರು. ಸತ್ಯಜಿತ್ ರಾಯ್ ತಮ್ಮ ಚಿತ್ರಗಳ ಮಿಕ್ಸಿಂಗಿಗೆ ಕಲ್ಕತ್ತೆಯಿಂದ ಮುಂಬಯಿಗೆ ಬರುತ್ತಿದ್ದುದು ಅವರಿಗಾಗಿ. ನಮ್ಮ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ನಡುವೆ ಚಿತ್ರೀಕರಣಗೊಂಡ 'ಶೋಲೆ'ಯ ಮಿಶ್ರಣವೂ ಅವರದೇ. 1975ರಲ್ಲಿ ಬಂದ ಆ ಚಿತ್ರದಲ್ಲಿ ಗಬ್ಬರ್ ಸಿಂಗ್ ಮೊದಲ ಬಾರಿ ಕಾಣಿಸಿಕೊಳ್ಳುವ ದೃಶ್ಯವನ್ನು ಕಣ್ಣು ಮುಚ್ಚಿಕೊಂಡು ಕೇಳಬೇಕು. ಬಂಡೆಯ ಮೇಲೆ ಬೂಟಿನ ತೂಕದ ಹೆಜ್ಜೆ, ಕೈಯಿಂದ ಇಳಿಬಿದ್ದ ಬೆಲ್ಟು ಕಲ್ಲಿಗೆ ತಾಗಿ ಎಳೆದುಕೊಂಡು ಹೋಗುವ ಸದ್ದು. ಮುಖ ಕಾಣುವ ಮೊದಲೇ ಭಯ ಕಿವಿಯಿಂದ ಒಳಗೆ ಇಳಿದಿರುತ್ತದೆ. ಅಲ್ಲಿ ಬೇರೆ ಸದ್ದುಗಳನ್ನು ಎಷ್ಟು ತಡೆಹಿಡಿದಿದ್ದಾರೆ ಎಂಬುದನ್ನು ಗಮನಿಸಿದರೆ ಮಿಕ್ಸರ್ ಕೆಲಸದ ತಿರುಳು ತಿಳಿಯುತ್ತದೆ: ಏನನ್ನು ಕೇಳಿಸಬೇಕು ಎನ್ನುವುದಕ್ಕಿಂತ ಏನನ್ನು ಸುಮ್ಮನಾಗಿಸಬೇಕು ಎನ್ನುವ ತೀರ್ಮಾನವೇ ಹಿರಿದು.

ಭಾರತ ಸರ್ಕಾರ ಈ ಕೆಲಸಕ್ಕೆ ರಾಷ್ಟ್ರಪ್ರಶಸ್ತಿ ಕೊಡತೊಡಗಿದ್ದು 1976ರ ಚಿತ್ರಗಳಿಂದ. ಮೊದಲ ಪ್ರಶಸ್ತಿ ಬಂದದ್ದು ಕನ್ನಡಕ್ಕೆ. ಚಂದ್ರಶೇಖರ ಕಂಬಾರರ ನಾಟಕವನ್ನು ಆಧರಿಸಿದ 'ಋಷ್ಯಶೃಂಗ'ದ ಧ್ವನಿಗ್ರಹಣಕ್ಕಾಗಿ ಎಸ್.ಪಿ. ರಾಮನಾಥನ್ ಅವರಿಗೆ. ಮರುವರ್ಷ 'ತಬ್ಬಲಿಯು ನೀನಾದೆ ಮಗನೆ' ಚಿತ್ರಕ್ಕೂ ಅವರೇ ಪಡೆದರು. ಹೊಸ ಅಲೆಯ ಕನ್ನಡ ಚಿತ್ರಗಳ ಹಿರಿಮೆಯನ್ನು ಮಾತಾಡುವಾಗ ನಿರ್ದೇಶಕರು, ಕಾದಂಬರಿಕಾರರು, ಛಾಯಾಗ್ರಾಹಕರ ಹೆಸರು ಬರುತ್ತದೆ, ರಾಮನಾಥನ್ ಅವರ ಹೆಸರು ಬರುವುದೇ ಇಲ್ಲ. ಈ ಕಸುಬಿನ ಕಲಿಕೆಗೆ ಬೆಂಗಳೂರಿನಲ್ಲಿ ಕೊರತೆಯಿರಲಿಲ್ಲ. ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅವರಂಥ ಛಾಯಾಗ್ರಾಹಕರನ್ನು ಕೊಟ್ಟ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಧ್ವನಿ ತಂತ್ರಜ್ಞಾನವನ್ನೂ ಕಲಿಸುತ್ತಿತ್ತು. ಕೊರತೆಯಿದ್ದದ್ದು ಥಿಯೇಟರುಗಳಿಗೆ. ಹಿನ್ನೆಲೆ ಸಂಗೀತಕ್ಕೂ ಮಿಕ್ಸಿಂಗಿಗೂ ಕನ್ನಡದವರು ಫಿಲ್ಮಿನ ಡಬ್ಬಗಳನ್ನು ಹೊತ್ತು ಮದರಾಸಿನ ರೈಲು ಹತ್ತಬೇಕಿತ್ತು. 1980ರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಆ ಪ್ರಯಾಣವನ್ನು ತಪ್ಪಿಸಲೆಂದೇ.

ಇದರ ನಡುವೆ ಭಾರತದ ನೆಲಕ್ಕೆ ಸಂಬಂಧವಿದ್ದ ಒಬ್ಬ ಎಂಜಿನಿಯರ್ ಜಗತ್ತಿನ ಚಿತ್ರಮಂದಿರಗಳ ಧ್ವನಿಯನ್ನೇ ಬದಲಿಸಿದ್ದರು. ರೇ ಡಾಲ್ಬಿ 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲಿದ್ದರು. 1965ರಲ್ಲಿ ಲಂಡನ್ನಿಗೆ ಹೋಗಿ ಟೇಪಿನ ಉಸ್ಸನ್ನು ತಗ್ಗಿಸುವ ಸಾಧನದೊಂದಿಗೆ ತಮ್ಮ ಕಂಪನಿ ತೆರೆದರು. 1977ರ 'ಸ್ಟಾರ್ ವಾರ್ಸ್' ಡಾಲ್ಬಿ ಸ್ಟೀರಿಯೋವನ್ನು ಮನೆಮಾತಾಗಿಸಿತು. ಪರದೆಯ ಹಿಂದಿನ ಒಂದೇ ಸ್ಪೀಕರಿನಿಂದ ಹೊರಟು ಧ್ವನಿ ಪ್ರೇಕ್ಷಕರ ಬೆನ್ನ ಹಿಂದಕ್ಕೂ ಬಂತು. 1979ರ 'ಅಪೊಕ್ಯಾಲಿಪ್ಸ್ ನೌ' ಚಿತ್ರದಲ್ಲಿ ವಾಲ್ಟರ್ ಮರ್ಚ್ ಹೆಲಿಕಾಪ್ಟರಿನ ಸದ್ದನ್ನು ಚಿತ್ರಮಂದಿರದ ಸುತ್ತ ಸುತ್ತಿಸಿ, ಹೋಟೆಲ್ ಕೋಣೆಯ ಫ್ಯಾನಿನೊಳಗೆ ಇಳಿಸಿದರು. ಚಿತ್ರದ ಇಡೀ ಧ್ವನಿಯನ್ನು ಯೋಜಿಸುವುದಕ್ಕೆ ಸೌಂಡ್ ಡಿಸೈನ್ ಎಂಬ ಪದ ಹರಡಿದ್ದು ಅವರಿಂದ.

ಮರ್ಚ್ ಕಂಡುಕೊಂಡ ಒಂದು ಸಂಗತಿ ಎಲ್ಲ ಮಿಕ್ಸರುಗಳಿಗೂ ಪಾಠ. 1971ರ ಚಿತ್ರವೊಂದರಲ್ಲಿ ಯಂತ್ರಮಾನವ ಪೊಲೀಸರ ಹೆಜ್ಜೆಗಳನ್ನು ಕೂಡಿಸುವಾಗ ಅವರಿಗೆ ಹೀಗೆ ತಿಳಿಯಿತು: ಪರದೆಯ ಮೇಲೆ ಒಬ್ಬ ಅಥವಾ ಇಬ್ಬರು ನಡೆಯುತ್ತಿದ್ದರೆ ಒಂದೊಂದು ಹೆಜ್ಜೆಯೂ ಸದ್ದಿಗೆ ಕೂಡಬೇಕು, ಮೂವರಾದ ಕೂಡಲೇ ಯಾವ ಹೆಜ್ಜೆಗೆ ಯಾವ ಸದ್ದು ಎಂದು ಯಾರೂ ಲೆಕ್ಕವಿಡುವುದಿಲ್ಲ. ಎರಡನ್ನು ದಾಟಿದರೆ ಮನಸ್ಸು ಎಣಿಸುವುದನ್ನು ಬಿಟ್ಟು ಗುಂಪೆಂದು ಕೇಳುತ್ತದೆ. ತಾಳಮದ್ದಳೆಯಲ್ಲಿ ಇಬ್ಬರ ವಾದವನ್ನು ಹಿಡಿಯುವ ಕಿವಿ ಸಂತೆಯಲ್ಲಿ ಬರೀ ಗದ್ದಲವನ್ನು ಕೇಳುವುದೂ ಹೀಗೆಯೇ.

ಟಿವಿಯ ಮಿಕ್ಸರುಗಳ ಬದುಕು ಬೇರೆ ಗತಿಯದು. ಸಿನಿಮಾಗೆ ವಾರಗಳು ಸಿಕ್ಕರೆ ಧಾರಾವಾಹಿಯ ಕಂತಿಗೆ ದಿನವೋ ಎರಡು ದಿನವೋ ಸಿಗುವುದು. ಅಮೆರಿಕದಲ್ಲಿ 1950ರ ದಶಕದಲ್ಲಿ ಚಾರ್ಲಿ ಡಗ್ಲಸ್ ಎಂಬ ಸೌಂಡ್ ಎಂಜಿನಿಯರ್ ಮುದ್ರಿಸಿದ ನಗುಗಳ ಪೆಟ್ಟಿಗೆಯೊಂದನ್ನು ಮಾಡಿದ. ಟೈಪ್‌ರೈಟರಿನಂಥ ಕೀಲಿಗಳನ್ನು ಒತ್ತಿದರೆ ಮುಗುಳ್ನಗೆಯೋ ಗಹಗಹವೋ ಬೇಕಾದದ್ದು ಬರುತ್ತಿತ್ತು. ಹಾಸ್ಯ ಧಾರಾವಾಹಿಗಳು ದಶಕಗಟ್ಟಲೆ ಅದನ್ನೇ 'ನಕ್ಕವು'. 1972ರಲ್ಲಿ ಶುರುವಾದ 'ಮ್ಯಾಶ್' ಯುದ್ಧಭೂಮಿಯ ಆಸ್ಪತ್ರೆಯ ಕಥೆ. ಅದರ ನಿರ್ಮಾಪಕರಿಗೆ ಈ ನಗು ಬೇಡವಾಗಿತ್ತು, ವಾಹಿನಿಗೆ ಬೇಕಿತ್ತು. ಕೊನೆಗೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಲ್ಲಿ ನಗು ಹಾಕಕೂಡದೆಂಬ ಒಪ್ಪಂದವಾಯಿತು. ಟಿವಿ ಮಿಕ್ಸರುಗಳನ್ನು ಕಾಡಿದ ಇನ್ನೊಂದು ಸಮಸ್ಯೆ ಪ್ರತಿ ಮನೆಗೂ ಗೊತ್ತು: ಜಾಹೀರಾತು ಬಂದ ಕೂಡಲೇ ರಿಮೋಟಿಗೆ ಕೈ ಹೋಗುವುದು. 2010ರಲ್ಲಿ ಯುರೋಪಿನ ಪ್ರಸಾರ ಒಕ್ಕೂಟ ಧ್ವನಿಯ ಸರಾಸರಿ ಜೋರಿಗೆ ಒಂದು ಅಳತೆ ನಿಗದಿ ಮಾಡಿತು, ಅದೇ ವರ್ಷ ಅಮೆರಿಕ ಜಾಹೀರಾತುಗಳ ಅಬ್ಬರಕ್ಕೆ ಕಾನೂನು ತಂದಿತು.

ಈ ಕಸುಬಿಗೆ ಮೇಲಿಂದ ಬಂದವರು ಕಡಿಮೆ. ಯಂತ್ರದ ಕೋಣೆಯಲ್ಲಿ ಪಟ್ಟಿ ಏರಿಸುವ ಕೆಲಸದಿಂದ ಶುರುಮಾಡಿ, ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು, ಮೊದಲು ಸದ್ದುಗಳ ಗುಂಡಿ, ಆಮೇಲೆ ಸಂಗೀತದ್ದು, ಕೊನೆಗೆ ಮಾತಿನದು ಎಂದು ಏರಿದವರೇ ಹೆಚ್ಚು. ಮಾತಿನ ಗುಂಡಿ ಹಿಡಿದವರೇ ತಂಡದ ಹಿರಿಯರು. ಹಾಲಿವುಡ್ಡಿನ ಕೆವಿನ್ ಓಕಾನೆಲ್ ಅವರ ಕಥೆ ಈ ದಾರಿಗೆ ಒಳ್ಳೆಯ ಉದಾಹರಣೆ. ಅವರ ತಾಯಿ ಫಾಕ್ಸ್ ಸ್ಟುಡಿಯೋದ ಧ್ವನಿ ವಿಭಾಗದಲ್ಲಿದ್ದರು. ಮಗನನ್ನು 1978ರಲ್ಲಿ ಈ ಕೆಲಸಕ್ಕೆ ಸೇರಿಸಿದರು. 1983ರ ಚಿತ್ರವೊಂದಕ್ಕೆ ಮೊದಲ ಬಾರಿ ಆಸ್ಕರ್ ನಾಮನಿರ್ದೇಶನ ಬಂತು. ಅದೂ ಸೇರಿ ಒಟ್ಟು 20 ಸಲ ಹೆಸರು ಓದಿದರೂ ಪ್ರಶಸ್ತಿ ಬರಲಿಲ್ಲ. 21ನೆಯ ಸಲ, 2017ರಲ್ಲಿ, 'ಹ್ಯಾಕ್ಸಾ ರಿಡ್ಜ್' ಚಿತ್ರಕ್ಕೆ ಬಂದಾಗ ಅವರು ವೇದಿಕೆಯಲ್ಲಿ ನೆನೆದದ್ದು ತೀರಿಹೋಗಿದ್ದ ತಾಯಿಯನ್ನು. ಆಸ್ಕರಿನ ಧ್ವನಿ ಪ್ರಶಸ್ತಿಯೇ ಮೊದಲ ದಶಕಗಳಲ್ಲಿ ಸ್ಟುಡಿಯೋದ ಧ್ವನಿ ವಿಭಾಗದ ಮುಖ್ಯಸ್ಥರ ಕೈಗೆ ಹೋಗುತ್ತಿತ್ತು. ಗುಂಡಿ ತಿರುಗಿಸಿದವರ ಹೆಸರು ಹೊರಗೆ ಬರಲು ಬಹಳ ಕಾಲ ಹಿಡಿಯಿತು.

1990ರ ದಶಕದಲ್ಲಿ ಕಂಪ್ಯೂಟರ್ ಬಂತು. ಡಾಲ್ಬಿ ಡಿಜಿಟಲ್ 1992ರಲ್ಲಿ, ಡಿಟಿಎಸ್ 1993ರಲ್ಲಿ. 2012ರಲ್ಲಿ ತಲೆಯ ಮೇಲಿಂದಲೂ ಧ್ವನಿ ಸುರಿಸುವ ಅಟ್ಮಾಸ್. ಮೂರು ಪಟ್ಟಿಗಳಿದ್ದ ಕಡೆ ನೂರಾರು ಪಟ್ಟಿಗಳಾದವು. ಉಸ್ಸೆಂಬ ಸದ್ದು ಪೂರ್ತಿ ಹೋಯಿತು, ಜೋರಿನ ಮಿತಿ ಬಹಳ ಮೇಲೇರಿತು. ಮಿಕ್ಸಿಂಗ್ ಥಿಯೇಟರಿನಲ್ಲಿ ಪರದೆಯ ಹಿಂದಿನ ಒಂದೊಂದು ಸ್ಪೀಕರನ್ನೂ 85 ಡೆಸಿಬಲ್ಲಿಗೆ ಅಳೆದು ಹೊಂದಿಸಿರುತ್ತಾರೆ. ಚಿತ್ರಮಂದಿರದ ಯಂತ್ರದಲ್ಲಿ 7 ಎಂಬ ಗುರುತಿಗೆ ಇಟ್ಟರೆ ಅದೇ ಹದ ಬರಬೇಕು. ಆದರೆ ಅಬ್ಬರದ ಚಿತ್ರಕ್ಕೆ ಪ್ರೇಕ್ಷಕರು ದೂರಿದರೆ ಆಪರೇಟರ್ 5ಕ್ಕೋ 4ಕ್ಕೋ ಇಳಿಸುತ್ತಾನೆ. ಇಳಿಸುತ್ತಾರೆಂದು ಮುಂದಿನ ಚಿತ್ರದವರು ಇನ್ನಷ್ಟು ಜೋರಾಗಿ ಮಿಕ್ಸ್ ಮಾಡಿಸುತ್ತಾರೆ. ಈ ಹಗ್ಗಜಗ್ಗಾಟದಲ್ಲಿ ಸೋಲುವುದು ಮಾತು. ದೊಡ್ಡ ಬಜೆಟ್ಟಿನ ಕನ್ನಡ ಚಿತ್ರಗಳಲ್ಲಿ ಸಂಭಾಷಣೆ ಹಿನ್ನೆಲೆ ಸಂಗೀತದಡಿ ಮುಳುಗುತ್ತದೆಂಬ ದೂರು ಸುಳ್ಳಲ್ಲ. ಅದರ ಕಾರಣ ತಂತ್ರದ ಬಡತನವಲ್ಲ, ತಗ್ಗಿಸಲು ಮನಸ್ಸಿಲ್ಲದಿರುವುದು.

ಸೆಟ್ಟಿನ ಮಿಕ್ಸರ್ ಭಾರತಕ್ಕೆ ಮರಳಿದ್ದನ್ನು ಎಲ್ಲರ ಗಮನಕ್ಕೆ ತಂದದ್ದು 2001ರ 'ಲಗಾನ್'. ಭುಜ್ ಬಳಿಯ ಬಯಲಿನಲ್ಲಿ ಸಾವಿರಾರು ಜನರ ನಡುವೆ ನಕುಲ್ ಕಾಮ್ಟೆ ಸ್ಥಳದಲ್ಲೇ ಮಾತು ಹಿಡಿದರು, ಎಚ್. ಶ್ರೀಧರ್ ಮಿಶ್ರಣ ಮಾಡಿದರು; ರಾಷ್ಟ್ರಪ್ರಶಸ್ತಿ ಇಬ್ಬರಿಗೂ ಬಂತು. ಕೇರಳದ ಹಳ್ಳಿಯಿಂದ ಬಂದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ರೆಸೂಲ್ ಪೂಕುಟ್ಟಿ 2009ರ ಫೆಬ್ರವರಿಯಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್'ಗಾಗಿ ಇಯಾನ್ ಟ್ಯಾಪ್, ರಿಚರ್ಡ್ ಪ್ರೈಕ್ ಜೊತೆ ಆಸ್ಕರ್ ಪಡೆದರು. ಮುಂಬಯಿಯ ಬೀದಿಗಳ ಗದ್ದಲದ ನಡುವೆ ಮಾತು ಹಿಡಿದದ್ದು ಅವರ ಪಾಲಿನ ಕೆಲಸ. ಅದೇ ವರ್ಷದ ಚಿತ್ರಗಳಿಂದ ರಾಷ್ಟ್ರಪ್ರಶಸ್ತಿಯೂ ಸ್ಥಳದ ಧ್ವನಿಗ್ರಹಣ, ಸೌಂಡ್ ಡಿಸೈನ್, ಅಂತಿಮ ಮಿಶ್ರಣ ಎಂದು ಮೂರಾಯಿತು. ಹೆಸರುಗಳು ಬೇರೆಯಾದರೂ ತಿಳಿವಳಿಕೆ ಬೇರೂರಲಿಲ್ಲ. 2022ರಲ್ಲಿ ಸ್ಥಳದ ಧ್ವನಿಗ್ರಹಣದ ಪ್ರಶಸ್ತಿ ಕನ್ನಡದ 'ಡೊಳ್ಳು' ಚಿತ್ರಕ್ಕೆ ಪ್ರಕಟವಾದಾಗ, ಅದರ ಮಾತುಗಳು ಸ್ಥಳದಲ್ಲಿ ಹಿಡಿದವಲ್ಲ, ಡಬ್ ಆದವು ಎಂದು ಆ ಚಿತ್ರದ ಸೌಂಡ್ ಡಿಸೈನರೇ ಬಹಿರಂಗವಾಗಿ ಹೇಳಬೇಕಾಯಿತು. 70ನೆಯ ರಾಷ್ಟ್ರಪ್ರಶಸ್ತಿಯ ಹೊತ್ತಿಗೆ ಮೂರನ್ನೂ ಅಳಿಸಿ ಸೌಂಡ್ ಡಿಸೈನ್ ಎಂಬ ಒಂದನ್ನೇ ಉಳಿಸಿದರು. ಆಸ್ಕರಿನಲ್ಲೂ 2021ರಿಂದ ಧ್ವನಿಗೆ ಒಂದೇ ಪ್ರಶಸ್ತಿ. ಕವಲೊಡೆದ ಕಸುಬು ಕಾಗದದ ಮೇಲೆ ಮತ್ತೆ ಒಂದಾಗಿದೆ. ಕೆಲಸದ ಜಾಗದಲ್ಲಿ ಅದು ಒಂದಲ್ಲ.

'ಆಲಂ ಆರಾ'ದ ಒಂದು ಪ್ರತಿಯೂ ಉಳಿದಿಲ್ಲ, 'ಸತಿ ಸುಲೋಚನ'ದ್ದೂ ಇಲ್ಲ. ಆ ಮೊದಲ ಮಿಶ್ರಣಗಳು ಹೇಗೆ ಕೇಳಿಸುತ್ತಿದ್ದವೆಂದು ಇನ್ನು ತಿಳಿಯುವಂತಿಲ್ಲ. 'ಶೋಲೆ'ಯ ಮೂಲ ಧ್ವನಿ ನೆಗೆಟಿವ್ ಮತ್ತು ಮ್ಯಾಗ್ನೆಟಿಕ್ ಪಟ್ಟಿ ಉಳಿದಿದ್ದವು. ಅವುಗಳ ನೆರವಿನಿಂದ ದುರಸ್ತಿಯಾದ ಚಿತ್ರ 2025ರ ಜೂನಿನಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನಗೊಂಡಿತು. ಅಸಿಟೇಟ್ ಮ್ಯಾಗ್ನೆಟಿಕ್ ಪಟ್ಟಿಗೆ ವಿನೆಗರ್ ವಾಸನೆ ಬರತೊಡಗಿತೆಂದರೆ ಅದು ಕೊಳೆಯತೊಡಗಿದೆ ಎಂದೇ ಅರ್ಥ. ಆ ಕೊಳೆತವನ್ನು ಹಿಂದಕ್ಕೆ ತಿರುಗಿಸಲಾಗದು, ಪಟ್ಟಿ ಓಡುವಷ್ಟು ಗಟ್ಟಿಯಿರುವಾಗಲೇ ಅದನ್ನು ಡಿಜಿಟಲ್‌ಗೆ ಇಳಿಸಿಕೊಳ್ಳಬೇಕು. ಹಳೆಯ ಕನ್ನಡ ಚಿತ್ರಗಳ ಇಂಥ ಡಬ್ಬಗಳು ಮನೆಯ ಅಟ್ಟದಲ್ಲೋ ಗೋಡೌನಿನಲ್ಲೋ ಇರುವ ನಿರ್ಮಾಪಕರ ಕುಟುಂಬದವರು ಒಮ್ಮೆ ಮುಚ್ಚಳ ತೆಗೆದು ಮೂಸಿ ನೋಡಬೇಕು.